ತೆರಿಗೆ ಮೌಲ್ಯ ಆಕ್ಷೇಪಣೆ ಅಂದ್ರ ಏನು? ಅಂಗಡಿ, ಗೋದಾಮು ಇದ್ದವ್ರು ಓದ್ರಿ

ನಮ್ಮ ಅಂಗಡಿಗೋ ಗೋದಾಮಿಗೋ ಪಾಲಿಕೆ ಹಾಕಿದ ಆಸ್ತಿ ತೆರಿಗೆ ತಪ್ಪು ಲೆಕ್ಕದ ಮ್ಯಾಲ ಬಂದೈತಿ, ಇಂಥಲ್ಲಿ ತಪ್ಪೈತಿ, ತಿದ್ರಿ ಅಂತ ಬರದು ಕೊಡೋದಕ್ಕ ತೆರಿಗೆ ಮೌಲ್ಯ ಆಕ್ಷೇಪಣೆ ಅಂತಾರ. ಇದು ಮಾಫಿ ಕೇಳೋದಲ್ಲ. ವಿಜಯಪುರದಾಗ ಭಾಳ ಮಂದಿ ಚಲನ್ ಹಿಡಕೊಂಡು ಕೌಂಟರ್ ಮುಂದ ನಿಂತು "ಸಾಹೇಬ್ರ, ಸ್ವಲ್ಪ ಕಮ್ಮಿ ಮಾಡ್ರಿ" ಅಂತ ಕೈ ಮುಗೀತಾರ, ಹಂಗ ಕಮ್ಮಿ ಮಾಡೋ ಅಧಿಕಾರ ಅಲ್ಲಿ ಕೂತವ್ರಿಗೆ ಇರಂಗಿಲ್ಲ. ತಪ್ಪು ಅಳತಿ ತೋರಿಸಿದ್ರ ಮಾತ ಬ್ಯಾರೆ, ಅದು ನಮ್ಮ ಹಕ್ಕು.

ಮೊದ್ಲು ಲೆಕ್ಕ ತಿಳ್ಕೊಳ್ರಿ. ಬೆಂಗಳೂರು ಬಿಟ್ಟು ಕರ್ನಾಟಕದ ನಗರಗಳಾಗ ಈಗ ಜಾಗ ಮತ್ತ ಕಟ್ಟಡದ ಮಾರ್ಗಸೂಚಿ ಬೆಲೆ (ಆಸ್ತಿ ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ) ಹಿಡದು, ಕಟ್ಟಡ ಹಳೇದಿದ್ರ ಸವಕಳಿ ಕಳದು, ಅದರ 25% ಮ್ಯಾಲ ತೆರಿಗೆ ಹಾಕ್ತಾರ, ವಾಣಿಜ್ಯ ಕಟ್ಟಡಕ್ಕ ದರ ಮನಿಗಿಂತ ಹೆಚ್ಚು. ಉದಾಹರಣೆಗೆ ಒಟ್ಟು ಬೆಲೆ 20 ಲಕ್ಷ ಅಂತ ಹಿಡೀರಿ, 25% ಅಂದ್ರ 5 ಲಕ್ಷ, ದರ 1% ಇದ್ರ 5,000 ರೂಪಾಯಿ, ಮ್ಯಾಲ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್. ಇದರಾಗ ಯಾವ ಅಂಕಿ ತಪ್ಪಿದ್ರೂ ಕೊನಿ ಮೊತ್ತ ತಪ್ಪತೈತಿ. ಅದಕ್ಕ "ಟ್ಯಾಕ್ಸ್ ಜಾಸ್ತಿ ಆಗೈತಿ" ಅಂತ ಅರ್ಜಿ ಬರದ್ರ ಏನೂ ಉಪಯೋಗಿಲ್ಲ, ಯಾವ ಅಂಕಿ ತಪ್ಪು ಅಂತ ಬರೀಬೇಕು.

ಗಾಂಧಿ ಚೌಕ್ ಕಡೆ ಹಳೇ ಗಲ್ಲಿಗಳಾಗಿನ ಅಂಗಡಿ ನೋಡ್ರಿ, ಕೆಳಗ ಕಿರಾಣಿ, ಮ್ಯಾಲ ಮಾಲಕರ ಮನಿ. ಇಂಥಲ್ಲಿ ಮ್ಯಾಲಿನ ಮಾಳಗಿನೂ ವಾಣಿಜ್ಯ ಅಂತ ಸೇರಿಬಿಟ್ರ ಮನಿಗೂ ಅಂಗಡಿ ದರ ಬೀಳತೈತಿ. 10 ಅಡಿ ಅಗಲ 20 ಅಡಿ ಉದ್ದದ ಅಂಗಡಿ 200 ಚದರಡಿ, ದಾಖಲೆದಾಗ 320 ಇದ್ರ ಉಳಿದ 120 ಎಲ್ಲಿಂದ ಬಂತು ಅಂತ ಟೇಪ್ ಹಿಡದು ಅಳೀರಿ. ತಗಡಿನ ಶೆಡ್ಡಿಗೆ ಆರ್‌ಸಿಸಿ (ಕಾಂಕ್ರೀಟ್ ಕಟ್ಟಡ) ಅಂತ ಬರದಿರೋದು, ಹಳೇ ಕಟ್ಟಡದ ವಯಸ್ಸು ಕಡಿಮಿ ತೋರಿಸಿರೋದು, ಇವನ್ನೂ ನೋಡ್ರಿ.

ಒಂದು ಮುಖ್ಯ ವಿಷಯ. ಅಳತಿ, ಬಳಕೆ, ಕಟ್ಟಡದ ನಮೂನೆ ತಪ್ಪಿದ್ರ ಪಾಲಿಕೆ ಕಂದಾಯ ವಿಭಾಗಕ್ಕ ಹೋಗ್ರಿ. ಮಾರ್ಗಸೂಚಿ ಬೆಲೆನ ಜಾಸ್ತಿ ಆತು ಅನ್ನೋರಿಗೆ ಪಾಲಿಕೆ ಏನೂ ಮಾಡಾಕ ಬರಂಗಿಲ್ಲ, ಅದು ನೋಂದಣಿ ಮತ್ತ ಮುದ್ರಾಂಕ ಇಲಾಖೆದ್ದು, 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಪರಿಷ್ಕರಿಸಿದ್ದೂ ಅವ್ರ. ಕರಡು ದರ ಹೊರಬಿದ್ದಾಗ ಆಕ್ಷೇಪಣೆ ಕರೀತಾರ, ಅವಾಗ ವ್ಯಾಪಾರಸ್ಥರ ಸಂಘದಿಂದ ಒಟ್ಟಾಗಿ ಬರದು ಕೊಡ್ರಿ, ಒಬ್ಬೊಬ್ಬರ ದನಿಗಿಂತ ಅದಕ್ಕ ತೂಕ ಜಾಸ್ತಿ. ಆದ್ರ ಪಾಲಿಕೆಯವ್ರು ನಿಮ್ಮ ಗಲ್ಲಿ ಬಿಟ್ಟು ಪಕ್ಕದ ಮೇನ್ ರೋಡ್ ದರ ಹಚ್ಚಿದ್ರ ಅದು ಪಾಲಿಕೆ ತಪ್ಪು, ಅಲ್ಲೇ ಕೇಳ್ರಿ.

ಅರ್ಜಿ ಜೋಡಿ ಉತಾರ, ಖರೀದಿ ಪತ್ರ, ಕಟ್ಟಡ ಪರವಾನಿಗಿ ನಕಾಶೆ, ಹಿಂದಿನ ವರ್ಷದ ಚಲನ್, ಫೋಟೋ ಹಚ್ರಿ, ಬಂದು ಅಳತಿ ಮಾಡ್ರಿ ಅಂತ ಅದರಾಗ ಬರೀರಿ. ನೀವು ಬಾಡಿಗಿದಾರ ಇದ್ರ ಮಾಲಕರ ಸಹಿ ಬೇಕು, ಖಾತೆ ಅವರ ಹೆಸರಿಗೆ ಇರತೈತಿ. ನೋಟೀಸ್ ಬಂದಿದ್ರ ಅದರಾಗಿನ ಗಡುವು ದಾಟಬ್ಯಾಡ್ರಿ. ಅರ್ಜಿ ಕೊಟ್ಟೀನಿ ಅಂತ ತೆರಿಗೆ ಕಟ್ಟದ ಕೂಡಬ್ಯಾಡ್ರಿ, ಏಪ್ರಿಲ್‌ದಾಗ ಕಟ್ಟಿದ್ರ 5% ರಿಯಾಯಿತಿ ಸಿಗತೈತಿ, ತಡ ಆದ್ರ ತಿಂಗಳಿಗೆ 2% ದಂಡ ಬೆಳೀತಾ ಹೋಗತೈತಿ. ಆಕ್ಷೇಪಣೆಗೆ ಒಳಪಟ್ಟು ಕಟ್ಟೀನಿ ಅಂತ ಬರದುಕೊಟ್ಟು ಕಟ್ರಿ.

ಟಪಾಲ್ ಸೆಕ್ಷನ್‌ದಾಗ ನಿಮ್ಮ ಪ್ರತಿ ಮ್ಯಾಲ ಸೀಲು, ತಾರೀಖು ಹಾಕಿಸ್ಕೊಳ್ರಿ. ಆಗಂಗಿಲ್ಲ ಅಂದ್ರ ಬಾಯಿಮಾತಿಗೆ ವಾಪಸ್ ಬರಬ್ಯಾಡ್ರಿ, ಲಿಖಿತ ಆದೇಶ ಕೇಳ್ರಿ, ಮುಂದ ಮೇಲ್ಮನವಿಗೆ ಅದ ಬೇಕಾಗತೈತಿ. ತಿದ್ದಿದ್ರೂ ಇ-ಆಸ್ತಿ ಅನ್ನೋ ಆನ್‌ಲೈನ್ ಆಸ್ತಿ ದಾಖಲೆದಾಗ ಹೊಸ ಅಳತಿ ಬಿದ್ದೈತಿಲ್ಲೋ ನೋಡ್ರಿ, ಇಲ್ಲಂದ್ರ ಮುಂದಿನ ವರ್ಷ ಮತ್ತ ಹಳೇ ಅಂಕಿದ ಚಲನ್ ಬರತೈತಿ.