ಕುತ್ತಿಗೆಯ ಕಪ್ಪು ಕೊಳೆಯಲ್ಲ, ದಯವಿಟ್ಟು ಉಜ್ಜಬೇಡಿ

ಕುತ್ತಿಗೆಯ ಹಿಂಭಾಗ ಕಪ್ಪಾಗಿರುವ ಮಕ್ಕಳಿಗೆ ಸಿಗುವ ಮೊದಲ ಬುದ್ಧಿಮಾತು, ಸರಿಯಾಗಿ ಉಜ್ಜಿ ಸ್ನಾನ ಮಾಡು ಅಂತ. ಎರಡನೆಯದು ಯಾವುದೋ ಬಿಳಿ ಮಾಡುವ ಕ್ರೀಮು. ಎರಡೂ ದಂಡ. ಆ ಕಪ್ಪು ಕೊಳೆಯಲ್ಲ, ಬಿಸಿಲಿನದ್ದೂ ಅಲ್ಲ. ಬಹಳ ಸಲ ಅದು ರಕ್ತದಲ್ಲಿ ಇನ್ಸುಲಿನ್, ಅಂದರೆ ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನು, ಜಾಸ್ತಿಯಾಗಿದೆ ಅನ್ನುವುದರ ಗುರುತು. ವೈದ್ಯರು ಇದಕ್ಕೆ ಅಕ್ಯಾಂಥೋಸಿಸ್ ನೈಗ್ರಿಕಾನ್ಸ್ ಅನ್ನುತ್ತಾರೆ. ಕುತ್ತಿಗೆ, ಕಂಕುಳು, ತೊಡೆಸಂದು, ಕೆಲವರಿಗೆ ಬೆರಳಿನ ಗೆಣ್ಣುಗಳ ಮೇಲೂ ಬರುತ್ತದೆ. ಚರ್ಮ ದಪ್ಪಗಾಗಿ, ಗೆರೆಗೆರೆಯಾಗಿ, ಮುಟ್ಟಿದರೆ ಮೆತ್ತಗೆ ಸಿಗುತ್ತದೆ. ಎಷ್ಟೋ ಜನರಿಗೆ ಅದರ ಪಕ್ಕದಲ್ಲೇ ಪುಟ್ಟ ಪುಟ್ಟ ಚರ್ಮದ ತುಣುಕುಗಳೂ ಜೋತಾಡುತ್ತಿರುತ್ತವೆ.

ಇದು ಹೇಗಾಗುತ್ತದೆ ಅನ್ನುವುದು ನನಗೆ ತುಂಬಾ ಇಷ್ಟದ ಕಥೆ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ತೂಕ ಏರಿದಾಗ, ಅದರಲ್ಲೂ ಹೊಟ್ಟೆಯೊಳಗೆ ಕೊಬ್ಬು ತುಂಬಿಕೊಂಡಾಗ, ಲಿವರ್ ಮತ್ತು ಸ್ನಾಯುಗಳು ಇನ್ಸುಲಿನ್ ಹೇಳಿದ್ದನ್ನು ಸರಿಯಾಗಿ ಕೇಳುವುದಿಲ್ಲ. ಕರೆದರೆ ಓಗೊಡದವರನ್ನು ನಾವೇನು ಮಾಡುತ್ತೇವೆ? ಇನ್ನೂ ಜೋರಾಗಿ ಕೂಗುತ್ತೇವೆ. ಮೇದೋಜೀರಕ ಗ್ರಂಥಿ ಮಾಡುವುದೂ ಅದನ್ನೇ, ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಕೂಗು ಜೋರಾದಾಗ, ಹೆಚ್ಚುಕಡಿಮೆ ಅದೇ ಹೆಸರಿನ ಪಕ್ಕದ ಮನೆಯವನು ತನ್ನನ್ನೇ ಕರೆದರು ಅಂದುಕೊಂಡು ಎದ್ದು ಬರುತ್ತಾನೆ. ಆ ಪಕ್ಕದ ಮನೆಯವನೇ ಚರ್ಮ.

ಚರ್ಮದ ಜೀವಕೋಶಗಳ ಮೇಲೆ ಐಜಿಎಫ್-1 ಅನ್ನುವ ಬೆಳವಣಿಗೆಯ ಹಾರ್ಮೋನಿಗಾಗಿಯೇ ಇರುವ ಗ್ರಾಹಕಗಳಿವೆ, ಅಂದರೆ ಅದು ಬಂದು ಅಂಟಿಕೊಳ್ಳುವ ಜಾಗಗಳು. ಐಜಿಎಫ್-1 ರಚನೆಯಲ್ಲಿ ಇನ್ಸುಲಿನ್ನಿನ ದಾಯಾದಿ. ಇನ್ಸುಲಿನ್ ಮಾಮೂಲಿ ಮಟ್ಟದಲ್ಲಿದ್ದರೆ ಈ ಗ್ರಾಹಕಗಳು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಮಟ್ಟ ವಿಪರೀತ ಏರಿದರೆ ಇನ್ಸುಲಿನ್ ಇಲ್ಲಿಗೂ ಬಂದು ಅಂಟಿಕೊಳ್ಳುತ್ತದೆ. ಈ ಗ್ರಾಹಕಕ್ಕೆ ಗೊತ್ತಿರುವುದು ಒಂದೇ ಮಾತು, 'ಬೆಳೆ'. ಸಕ್ಕರೆಯ ವಿಷಯಕ್ಕೆ ಶುರುವಾದ ಮಾತುಕತೆ ಕೊನೆಗೆ ಜೀವಕೋಶಗಳು ಒಂದೇ ಸಮನೆ ಹೆಚ್ಚುವುದರಲ್ಲಿ ಮುಗಿಯುತ್ತದೆ. ಇನ್ನೊಂದು ತಂಟೆಯೂ ಇದೆ. ಐಜಿಎಫ್-1 ಅನ್ನು ಹಿಡಿದಿಟ್ಟುಕೊಳ್ಳುವ ಕೆಲವು ಪ್ರೋಟೀನುಗಳು ಇನ್ಸುಲಿನ್ ಏರಿದಾಗ ಕಡಿಮೆಯಾಗುತ್ತವೆ, ಆಗ ನಿಜವಾದ ಐಜಿಎಫ್-1 ಕೂಡ ಸ್ವತಂತ್ರವಾಗಿ ತಿರುಗಾಡುತ್ತದೆ. ಒಟ್ಟಿನಲ್ಲಿ ಚರ್ಮದ ಮೇಲ್ಪದರ ದಪ್ಪಗಾಗಿ ಮಡಿಕೆ ಬೀಳುತ್ತದೆ.

ಗಮನಿಸಿ, ಇಲ್ಲಿ ಕಪ್ಪು ಬಣ್ಣ ಬರುವುದು ಮುಖ್ಯವಾಗಿ ಆ ದಪ್ಪದಿಂದ, ಮಡಿಕೆಯಿಂದ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಏರಿದರೂ ಸ್ವಲ್ಪವೇ. ಬಿಳಿ ಮಾಡುವ ಕ್ರೀಮು ಗುರಿಯಿಡುವುದು ಮೆಲನಿನ್ನಿಗೆ ಅಲ್ವಾ? ಮತ್ತೆ ಅದರಿಂದ ಏನಾಗಬೇಕು! ಉಜ್ಜುವುದಂತೂ ಇನ್ನೂ ಕೆಟ್ಟದ್ದು. ಕಂದು, ಕಪ್ಪು ಮೈಬಣ್ಣದವರಿಗೆ ಚರ್ಮ ಕೆರಳಿದರೆ ಆ ಕೆರಳಿಕೆಯೇ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬಿಡುತ್ತದೆ.

ಈ ಚರ್ಮದ ಕಾಯಿಲೆಯನ್ನು ವೈದ್ಯರು ಮೊದಲು ವಿವರಿಸಿದ್ದು 1890ರಲ್ಲಿ. ಆ ಕಾಲದ ವೈದ್ಯರು ಹೆದರಿದ್ದು ಸಕ್ಕರೆಗಲ್ಲ, ಹೊಟ್ಟೆಯ ಕ್ಯಾನ್ಸರಿಗೆ. ಕ್ಯಾನ್ಸರಿನ ಜೊತೆಗೂ ಇದು ಬರುವುದುಂಟು, ಆದರೆ ಅಪರೂಪ. ಇನ್ಸುಲಿನ್ ನಂಟು ಗಟ್ಟಿಯಾಗಿ ಗೊತ್ತಾಗಿದ್ದು 1976ರಲ್ಲಿ, ಅಮೆರಿಕದ ಸಂಶೋಧಕ ರೊನಾಲ್ಡ್ ಕಾನ್ ಮತ್ತು ಸಂಗಡಿಗರು ಇನ್ಸುಲಿನ್ನಿಗೆ ದೇಹ ಸ್ವಲ್ಪವೂ ಜಗ್ಗದ ರೋಗಿಗಳಲ್ಲಿ ಇದೇ ಕಪ್ಪನ್ನು ಕಂಡು ಬರೆದಾಗ.

ಇನ್ನು ಜನಾಂಗದ ವಿಷಯ. 1989ರಲ್ಲಿ ಅಮೆರಿಕದ ಗ್ಯಾಲ್ವೆಸ್ಟನ್‌ನಲ್ಲಿ ಶಾಲಾ ಮಕ್ಕಳ ಕುತ್ತಿಗೆ ನೋಡಿದಾಗ ಒಟ್ಟು ಸುಮಾರು 7% ಮಕ್ಕಳಿಗೆ ಇದು ಇತ್ತು. ಬಿಡಿಸಿ ನೋಡಿದರೆ ಕಪ್ಪು ಮಕ್ಕಳಲ್ಲಿ ಸುಮಾರು 13%, ಬಿಳಿ ಮಕ್ಕಳಲ್ಲಿ 1% ಕೂಡ ಇಲ್ಲ. ಓಹೋ, ಹಾಗಾದರೆ ಇದು ಕಪ್ಪು ಚರ್ಮದ ಗುಣ ಅಂತ ಸುಮ್ನೆ ತೀರ್ಪು ಕೊಟ್ಟುಬಿಡುವವರಿದ್ದಾರೆ. ತಡೀರಿ. ಒಂದೇ ತೂಕದಲ್ಲಿ ಬೇರೆ ಬೇರೆ ಜನರ ಮೈಯೊಳಗೆ ಇರುವ ಕೊಬ್ಬು ಒಂದೇ ಅಲ್ಲ.

ಇದಕ್ಕೆ ಒಂದು ಚೆಂದದ ಪುರಾವೆ ಇದೆ. 2004ರಲ್ಲಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಜಾನ್ ಯುಡ್ಕಿನ್ ಅನ್ನುವ ಇಬ್ಬರು ವೈದ್ಯರು ತಮ್ಮದೇ ಫೋಟೋ ಅಚ್ಚು ಹಾಕಿಸಿದರು. ಒಬ್ಬರು ಭಾರತದವರು, ಇನ್ನೊಬ್ಬರು ಬ್ರಿಟನ್ನಿನವರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕಂತೆ ತೂಕ ಅಳೆಯುವ ಲೆಕ್ಕ, ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಮೈಯಲ್ಲಿ 21.2%! ಬಿಎಂಐ ಲೆಕ್ಕ ಹುಟ್ಟಿದ್ದೇ 19ನೇ ಶತಮಾನದ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಅವರಿಂದ. ಆತ ವೈದ್ಯರಲ್ಲ, ಖಗೋಳ ವಿಜ್ಞಾನಿ, ಸಂಖ್ಯೆಗಳ ಹುಚ್ಚಿನವರು. 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಅಂತ ಹುಡುಕುತ್ತಿದ್ದರೇ ಹೊರತು ಯಾರ ಆರೋಗ್ಯವನ್ನೂ ಅಳೆಯುತ್ತಿರಲಿಲ್ಲ. 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದ ಜನ ಬಿಎಂಐ 25ರ ಬದಲು 23 ದಾಟಿದಾಗಲೇ ಎಚ್ಚರ ವಹಿಸುವುದು ಒಳ್ಳೆಯದು ಅಂದರು. ಹಾಗಾಗಿ 'ನಾನು ದಪ್ಪ ಇಲ್ಲವಲ್ಲ, ನನಗ್ಯಾಕೆ ಇದು' ಅನ್ನುವ ಮಾತು ದಕ್ಷಿಣ ಏಷ್ಯಾದವರ ಬಾಯಲ್ಲಿ ಅಷ್ಟೊಂದು ಧೈರ್ಯ ಕೊಡುವುದಿಲ್ಲ.

ಮೈಬಣ್ಣ ನೋಡಿ ಜನಾಂಗವನ್ನು ಅಳೆಯುವುದೂ ಅಷ್ಟೇ ಪೊಳ್ಳು. ಮೆಲನಿನ್ ತಯಾರಿಸುವ ಜೀವಕೋಶಗಳ ಸಂಖ್ಯೆ ಎಲ್ಲರ ಚರ್ಮದಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಅವು ಮಾಡುವ ಬಣ್ಣದ ಕಣಗಳ ಗಾತ್ರದಲ್ಲಿ, ಹರಡಿಕೊಳ್ಳುವ ರೀತಿಯಲ್ಲಿ. 2005ರಲ್ಲಿ ಝೀಬ್ರಾಫಿಶ್ ಅನ್ನುವ ಪುಟ್ಟ ಮೀನಿನ ಬಣ್ಣ ಯಾಕೆ ತಿಳಿಯಾಯಿತು ಅಂತ ಹುಡುಕುತ್ತಾ ಹೋದವರಿಗೆ ಎಸ್ಎಲ್‌ಸಿ24ಎ5 ಅನ್ನುವ ಜೀನ್ ಸಿಕ್ಕಿತು. ಯುರೋಪ್ ಮತ್ತು ಆಫ್ರಿಕಾ ಮೂಲದವರ ಮೈಬಣ್ಣದ ವ್ಯತ್ಯಾಸದಲ್ಲಿ 25ರಿಂದ 38% ಇದೊಂದರ ಕೆಲಸ. ತಮಾಷೆ ಅಂದರೆ ಯುರೋಪಿನ ಆ ರೂಪ ದಕ್ಷಿಣ ಏಷ್ಯಾದಲ್ಲೂ ಧಾರಾಳವಾಗಿದೆ, ತಿಳಿಬಣ್ಣದ ಪೂರ್ವ ಏಷ್ಯಾದವರಲ್ಲಿ ಮಾತ್ರ ತೀರಾ ಅಪರೂಪ. ಅವರ ತಿಳಿಬಣ್ಣ ಬೇರೆ ಜೀನ್‌ಗಳ ಕೊಡುಗೆ.

ತೂಕ ಮತ್ತು ಬಣ್ಣ ಎರಡೂ ಒಟ್ಟಿಗೆ ಕೈಕೊಡುವ ಜಾಗವೂ ಒಂದಿದೆ, ವಿಟಮಿನ್ ಡಿ. ಬಿಸಿಲಿನ ಯುವಿಬಿ ಕಿರಣ ಬಿದ್ದಾಗ ಚರ್ಮ ಇದನ್ನು ಮಾಡಿಕೊಳ್ಳುತ್ತದೆ. ಮೆಲನಿನ್ ಆ ಕಿರಣವನ್ನು ಮೊದಲೇ ನುಂಗುವುದರಿಂದ ಕಪ್ಪು ಚರ್ಮಕ್ಕೆ ಜಾಸ್ತಿ ಹೊತ್ತು ಬೇಕು. ತೂಕದ ತೊಂದರೆ ಬೇರೆ ಥರದ್ದು. 2000ದಲ್ಲಿ ಬಂದ ಒಂದು ಅಧ್ಯಯನದಲ್ಲಿ ದಪ್ಪ ಇರುವವರ ಚರ್ಮದಲ್ಲಿ ಕಚ್ಚಾ ವಸ್ತು ಉಳಿದವರಷ್ಟೇ ಇತ್ತು. ಆದರೂ ಒಂದೇ ಪ್ರಮಾಣದ ಕಿರಣ ಬಿದ್ದ ಮರುದಿನ ಅವರ ರಕ್ತದಲ್ಲಿ ವಿಟಮಿನ್ ಡಿ3 ಏರಿಕೆ 57% ಕಡಿಮೆ. ಚರ್ಮ ತಯಾರಿಸಿತ್ತು, ಕೊಬ್ಬು ಅದನ್ನು ತನ್ನಲ್ಲೇ ಇಟ್ಟುಕೊಂಡಿತು.

ಮತ್ತೆ ಕುತ್ತಿಗೆಗೆ ಬರೋಣ. ಕಪ್ಪಾದವರಿಗೆಲ್ಲ ಸಕ್ಕರೆ ಕಾಯಿಲೆ ಇದೆ ಅಂತಲ್ಲ. ಕೆಲವರಿಗೆ ಇದು ವಂಶದಲ್ಲೇ ಬರುತ್ತದೆ, ಕೆಲವರಿಗೆ ಸ್ಟೀರಾಯ್ಡಿನಂಥ ಔಷಧಿಯಿಂದ. ವಯಸ್ಸಾದವರಲ್ಲಿ ದಿಢೀರನೆ ಶುರುವಾಗಿ ಬೇಗ ಹರಡಿ, ಜೊತೆಗೆ ತೂಕವೂ ಇಳಿಯುತ್ತಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ನೋಡಬೇಕು, ಕ್ಯಾನ್ಸರಿನ ಆ ಹಳೆಯ ಹೆದರಿಕೆ ಅಂಥವರಿಗೆ ಈಗಲೂ ಅನ್ವಯಿಸುತ್ತದೆ. ಉಳಿದವರು ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಲಿ. ಅದು ನಾರ್ಮಲ್ ಬಂದಿತು ಅಂತ ಚೀಟಿಯನ್ನು ಮಡಚಿ ಇಡುವುದು ಬೇಡ. ಮೇದೋಜೀರಕ ಗ್ರಂಥಿಗೆ ಕೂಗುವ ಶಕ್ತಿ ಇರುವಷ್ಟು ವರ್ಷ ಸಕ್ಕರೆ ಹತೋಟಿಯಲ್ಲೇ ಇರುತ್ತದೆ, ಏರಿರುವುದು ಇನ್ಸುಲಿನ್ ಮಾತ್ರ. ತೂಕ ಇಳಿದು ಇನ್ಸುಲಿನ್ ತಗ್ಗಿದರೆ ಕಪ್ಪು ತಾನಾಗಿ ತಿಳಿಯಾಗುತ್ತಾ ಬರುತ್ತದೆ, ನಿಧಾನವಾಗಿ, ಸಾಬೂನಿನ ಹಂಗಿಲ್ಲದೆ.