ಥ್ರೆಡ್ ರಾಡ್ ಕಟರ್: ಕಿಡಿ ಇಲ್ಲದ ಮೆಷಿನ್ ಹತ್ತಿರ ಜಾಸ್ತಿ ಹುಷಾರು

ಮೊದಲ ದಿನ ನಾನು ಕತ್ತರಿಸಿದ ರಾಡಿಗೆ ನಟ್ ಏರಲೇ ಇಲ್ಲ. ತುದಿಯ ಎರಡು ಮೂರು ಸುತ್ತು ಥ್ರೆಡ್ ಜಜ್ಜಿ ಹೋಗಿತ್ತು. ಮೆಷಿನ್ ಕೆಟ್ಟಿದೆ ಅಂದುಕೊಂಡೆ. ಅದು ಸರಿಯಾಗೇ ಇತ್ತು. ತಪ್ಪು ಎಲ್ಲಾಯಿತು ಅಂತ ಹುಡುಕುತ್ತಾ ಬರೆದುಕೊಂಡಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತಿದ್ದೇನೆ. ನನ್ನ ಹಾಗೆ ಹೊಸದಾಗಿ ಕಲಿಯುವವರಿಗೆ ಉಪಯೋಗಕ್ಕೆ ಬರಬಹುದು.

ಪೈಪು, ಡಕ್ಟು, ಕೇಬಲ್ ಟ್ರೇ ಇವನ್ನೆಲ್ಲ ಛಾವಣಿಯಿಂದ ತೂಗುಹಾಕಲು ಉದ್ದಕ್ಕೂ ಥ್ರೆಡ್ ಇರುವ ರಾಡ್ ಬಳಸುತ್ತಾರಲ್ಲ, ಅದನ್ನು ಕತ್ತರಿಸಲೆಂದೇ ಇರುವ ಬ್ಯಾಟರಿ ಮೆಷಿನ್ ಇದು. ಒಳಗೆ ಬ್ಲೇಡ್ ತಿರುಗುವುದಿಲ್ಲ. ಪಕ್ಕಪಕ್ಕದಲ್ಲಿ ಎರಡು ಡೈ, ಅಂದರೆ ಕತ್ತರಿಸುವ ಗಟ್ಟಿ ಉಕ್ಕಿನ ಅಚ್ಚುಗಳು ಇರುತ್ತವೆ, ಒಂದು ಅಲುಗದೆ ನಿಂತಿರುತ್ತದೆ, ಇನ್ನೊಂದು ಚಲಿಸುತ್ತದೆ. ಎರಡರಲ್ಲೂ ಅರ್ಧ ಚಂದ್ರನ ಹಾಗೆ ಒಂದು ಕಚ್ಚು ಕೊರೆದಿದ್ದು, ಅದರೊಳಗೆ ರಾಡಿನ ಥ್ರೆಡ್‌ಗೆ ಹೊಂದುವ ಥ್ರೆಡ್ ಇರುತ್ತದೆ. ಟ್ರಿಗರ್ ಒತ್ತಿದರೆ ಚಲಿಸುವ ಡೈ ನಿಂತ ಡೈಯ ಪಕ್ಕಕ್ಕೆ ಉಜ್ಜಿಕೊಂಡು ಹಾದುಹೋಗುತ್ತದೆ. ಮಧ್ಯೆ ಸಿಕ್ಕ ರಾಡ್ ಕತ್ತರಿಗೆ ಸಿಕ್ಕ ಹಾಗೆ ತುಂಡಾಗುತ್ತದೆ. ಕತ್ತರಿಸುವಾಗ ಡೈಯ ಥ್ರೆಡ್ಡೇ ರಾಡಿನ ಥ್ರೆಡ್ಡನ್ನು ಹಿಡಿದುಕೊಂಡಿರುವುದರಿಂದ ಅದು ಜಜ್ಜುವುದಿಲ್ಲ. ಫೈಲ್ ಉಜ್ಜುವ ಕೆಲಸ ಇಲ್ಲ, ನಟ್ ಸಲೀಸಾಗಿ ಏರುತ್ತದೆ.

ನನ್ನ ಮಟ್ಟಿಗೆ ಅಪಾಯವೂ ಇಲ್ಲೇ ಇದೆ. ಕಬ್ಬಿಣ ಕತ್ತರಿಸುವ ಗ್ರೈಂಡರ್ ಕೈಗೆತ್ತಿಕೊಂಡರೆ ಅದು ನಮ್ಮನ್ನು ಹೆದರಿಸುತ್ತದೆ. ಕಿಡಿ ಹಾರುತ್ತದೆ, ಕಿವಿ ಗಡಚಿಕ್ಕುತ್ತದೆ, ಸುಟ್ಟ ವಾಸನೆ ಬರುತ್ತದೆ. ಯಾರೂ ಹೇಳದಿದ್ದರೂ ಕೈ ದೂರ ಇಡುತ್ತೇವೆ. ಈ ಕಟರ್ ಮಾತ್ರ ಸುಮ್ನೆ ಗುರ್ ಅಂದು ಒಂದೆರಡು ಸೆಕೆಂಡಲ್ಲಿ ಕೆಲಸ ಮುಗಿಸುತ್ತದೆ. ಹಾಗಾಗಿ ಆಟದ ಸಾಮಾನಿನ ಥರ ಕಾಣುತ್ತದೆ.

ಅದರ ಬಲ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಎಂ10, ಅಂದರೆ 10 ಮಿಲಿಮೀಟರ್ ದಪ್ಪದ ರಾಡಿನಲ್ಲಿ ಬಲ ತಡೆಯುವ ವಿಸ್ತೀರ್ಣ 58 ಚದರ ಮಿಲಿಮೀಟರ್. ರಾಡು 4.6 ದರ್ಜೆಯ ಸಾಮಾನ್ಯ ಉಕ್ಕಿನದ್ದಾದರೆ ಅದನ್ನು ಎಳೆದು ತುಂಡು ಮಾಡಲು ಚದರ ಮಿಲಿಮೀಟರಿಗೆ 400 ನ್ಯೂಟನ್ ಬೇಕು. ಅಡ್ಡ ಕತ್ತರಿಸಲು ಅದರಲ್ಲಿ ಸುಮಾರು ನೂರಕ್ಕೆ 60 ಭಾಗ ಸಾಕು ಅಂತ ಹಿಡಿದರೆ 240. ಗುಣಿಸಿದರೆ ಹತ್ತಿರ ಹತ್ತಿರ 14,000 ನ್ಯೂಟನ್, ಅಂದರೆ 1,400 ಕಿಲೋ ಭಾರ ಹಾಕಿದಷ್ಟು. ಎಂ12ಕ್ಕೆ ಇದೇ ಲೆಕ್ಕ 2 ಟನ್ ಮುಟ್ಟುತ್ತದೆ. ಆ ಎರಡು ಡೈಗಳ ನಡುವೆ ಬೆರಳು ಇದ್ದರೆ ಮೆಷಿನ್‌ಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಈ ಲೆಕ್ಕ ಮಾಡಿದ ಮೇಲೆ ನನಗಂತೂ ಬೇರೆ ಎಚ್ಚರಿಕೆ ಬೇಕಾಗಲಿಲ್ಲ.

ಯಾವ ರಾಡ್ ಕತ್ತರಿಸಬಾರದು ಅನ್ನುವುದಕ್ಕೂ ಇದೇ ಲೆಕ್ಕ ಉತ್ತರ ಕೊಡುತ್ತದೆ. 8.8 ಅಂತ ಗುರುತಿರುವ ಗಟ್ಟಿ ರಾಡಿಗೆ 400ರ ಬದಲು 800 ಹಾಕಿ, ಬಲ ಎರಡರಷ್ಟಾಯಿತು. ಸಾಮಾನ್ಯ ರಾಡಿಗೆಂದು ಮಾಡಿದ ಡೈಯ ಅಂಚು ಅಲ್ಲಿ ಚೂರಾಗಿ ಮುಖಕ್ಕೆ ಸಿಡಿಯಬಹುದು. ಎ2-70 ಸ್ಟೇನ್‌ಲೆಸ್ ರಾಡ್ ಕೂಡ 700ರ ಹತ್ತಿರ ಇದೆ. ಹಾಗಾಗಿ ಸ್ಟೇನ್‌ಲೆಸ್ ಆಗುತ್ತದೋ ಇಲ್ಲವೋ, ಆಗುವುದಾದರೆ ಎಷ್ಟು ದಪ್ಪದವರೆಗೆ ಅನ್ನುವುದನ್ನು ಮೆಷಿನ್ ಜೊತೆ ಬಂದ ಪುಸ್ತಕದಲ್ಲೇ ನೋಡಬೇಕು. ಬೋಲ್ಟು, ಕಾಂಕ್ರೀಟ್ ಕಂಬಿ, ತಂತಿ ಹಗ್ಗ ಇವನ್ನು ಇಟ್ಟು ನೋಡೋಣ ಅನ್ನುವ ಚಪಲ ಬೇಡ. ಎರಡು ರಾಡ್ ಒಟ್ಟಿಗೆ ಇಡುವುದೂ ಬೇಡ.

ಈಗ ನನ್ನ ಜಜ್ಜಿದ ರಾಡಿಗೆ ಬರೋಣ. ಮೆಷಿನ್‌ನಲ್ಲಿ ಎಂ10 ಡೈ ಇತ್ತು. ನಾನು ಇಟ್ಟ ರಾಡು 3/8 ಇಂಚಿನದ್ದು. ಕಣ್ಣಿಗೆ ಎರಡೂ ಒಂದೇ ಥರ. 3/8 ಇಂಚು ಅಂದರೆ 9.5 ಮಿಲಿಮೀಟರ್ ಚಿಲ್ಲರೆ, ಹತ್ತಕ್ಕೂ ಅದಕ್ಕೂ ಅರ್ಧ ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ. ಆದರೆ ಎಂ10ರಲ್ಲಿ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ 1.5 ಮಿಲಿಮೀಟರ್. 3/8ರಲ್ಲಿ ಇಂಚಿಗೆ 16 ಥ್ರೆಡ್, ಅಂದರೆ ಸುಮಾರು 1.59. ಹತ್ತು ಥ್ರೆಡ್ ಎಣಿಸುವಷ್ಟರಲ್ಲಿ ಒಂದು ಮಿಲಿಮೀಟರಿನಷ್ಟು ಜಾರಿರುತ್ತದೆ. ಡೈಯ ಏಣು ರಾಡಿನ ಏಣಿನ ಮೇಲೆ ಕೂತರೆ ಇನ್ನೇನಾಗುತ್ತದೆ? 1/2 ಇಂಚಿನಲ್ಲಿ ಇನ್ನೊಂದು ಗೋಜಲಿದೆ. ಅಮೆರಿಕದ ಅಳತೆಯಲ್ಲಿ ಇಂಚಿಗೆ 13 ಥ್ರೆಡ್, ಬ್ರಿಟನ್ನಿನ ಹಳೆಯ ವಿಟ್‌ವರ್ತ್ ಅಳತೆಯಲ್ಲಿ 12. ಡಬ್ಬಿಯ ಮೇಲೆ ಅರ್ಧ ಇಂಚು ಅಂತ ಇದ್ದ ಮಾತ್ರಕ್ಕೆ ನಂಬಬಾರದು. ಈಗ ನಾನು ಪ್ರತಿ ಅಳತೆಯ ಒಂದೊಂದು ನಟ್ಟನ್ನು ದಾರಕ್ಕೆ ಪೋಣಿಸಿ ಮೆಷಿನ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ರಾಡಿಗೆ ನಟ್ ಬೆರಳಲ್ಲೇ ಸಲೀಸಾಗಿ ಏಳೆಂಟು ಸುತ್ತು ಏರಿದರೆ ಮಾತ್ರ ಆ ಅಳತೆಯ ಡೈ ಹಾಕುತ್ತೇನೆ.

ಡೈ ಬದಲಿಸುವ ಮುಂಚೆ ಬ್ಯಾಟರಿ ತೆಗೆಯಬೇಕು. ಟ್ರಿಗರ್ ಲಾಕ್ ಹಾಕಿದ್ದೀನಲ್ಲ, ಸಾಕು ಅನ್ನಿಸುತ್ತದೆ. ಸಾಕಾಗುವುದಿಲ್ಲ. ಸ್ಕ್ರೂ ಬಿಚ್ಚುವಾಗ ಬೆರಳು ಇರುವುದು ಸರಿಯಾಗಿ ಆ ಬಾಯೊಳಗೇ ಅಲ್ವಾ? ಎರಡೂ ಡೈ ಒಂದೇ ಅಳತೆಯ ಜೋಡಿಯೇ ಆಗಿರಬೇಕು. ಕೂರುವ ಜಾಗದಲ್ಲಿ ಲೋಹದ ಚೂರಿದ್ದರೆ ಬ್ರಷ್‌ನಿಂದ ಒರೆಸಿ, ಸ್ಕ್ರೂ ಪೂರ್ತಿ ಬಿಗಿಯಬೇಕು. ಚೂರಿನ ಮೇಲೆ ಕೂತ ಡೈ ವಾಲಿಕೊಂಡು, ಎರಡರ ನಡುವೆ ಸಂದು ಬಿಡುತ್ತದೆ. ಆಗ ರಾಡು ತುಂಡಾಗುವ ಬದಲು ಬಾಗಿ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಎಷ್ಟೋ ಡೈಗಳನ್ನು ತಿರುಗಿಸಿ ಹಾಕಿದರೆ ಹೊಸ ಅಂಚು ಸಿಗುತ್ತದೆ. ಕತ್ತರಿಸಿದ ತುದಿಯಲ್ಲಿ ಮುಳ್ಳು ಕಾಣಲು ಶುರುವಾದರೆ ತಿರುಗಿಸುವ ಹೊತ್ತಾಯಿತು ಅಂತ ತಿಳಿಯಿರಿ.

ಕತ್ತರಿಸುವಾಗ ನೆನಪಿಡಬೇಕಾದ್ದು ಹೆಚ್ಚೇನಿಲ್ಲ. ರಾಡನ್ನು ನಿಂತ ಡೈಯ ಥ್ರೆಡ್‌ನಲ್ಲಿ ಕೂರಿಸಿ ಸ್ವಲ್ಪ ಹಿಂದೆ ಮುಂದೆ ತಿರುಗಿಸಿ. ಥ್ರೆಡ್ ಥ್ರೆಡ್ಡಿನೊಳಗೆ ಇಳಿದಿದ್ದು ಕೈಗೆ ಗೊತ್ತಾಗುತ್ತದೆ, ರಾಡು ಅಲುಗುವುದು ನಿಲ್ಲುತ್ತದೆ. ಮೆಷಿನ್‌ಗೆ ರಾಡು ನೇರ ಅಡ್ಡವಾಗಿರಲಿ, ಓರೆ ಬೇಡ. ರಾಡನ್ನು ಹಿಡಿದ ಕೈ ಡೈಯಿಂದ ಒಂದು ಗೇಣಾದರೂ ಆಚೆ ಇರಲಿ. ಗೇಣಿಗಿಂತ ಚಿಕ್ಕ ತುಂಡು ಬೇಕಾದರೆ ಉದ್ದದ ಕಡೆಯನ್ನು ಹಿಡಿದು, ಚಿಕ್ಕದನ್ನು ಬೀಳಲು ಬಿಡಿ. ಕಣ್ಣು ಕಾಯುವ ಸೇಫ್ಟಿ ಕನ್ನಡಕ ಹಾಕಲೇಬೇಕು. ಕಿಡಿ ಇಲ್ಲದಿದ್ದರೂ ತುಂಡು ಸಿಡಿಯುತ್ತದೆ. ಕೈಗವಸು ಕೈಗೆ ಬಿಗಿಯಾಗಿ ಕೂರುವಂಥದ್ದಾಗಿರಲಿ, ಜೋಲುವ ಬೆರಳತುದಿ ಡೈಯೊಳಗೆ ಹೋಗುವುದು ಬೇಡ.

ಏಣಿ ಮೇಲೆ ನಿಂತು, ಈಗಾಗಲೇ ತೂಗುತ್ತಿರುವ ರಾಡನ್ನು ಗಿಡ್ಡ ಮಾಡುವ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು. ಎಂ10 ರಾಡ್ ಒಂದು ಮೀಟರಿಗೆ ಅರ್ಧ ಕಿಲೋ ತೂಗುತ್ತದೆ. ಒಂದು ಗೇಣಿನ ತುಂಡು ನೂರು ಗ್ರಾಂ ಅಷ್ಟೇ. ಆದರೆ ಚೂಪು ತುದಿ ಕೆಳಗಾಗಿ ಮೂರು ಮೀಟರ್ ಎತ್ತರದಿಂದ ಬಿದ್ದರೆ ನೂರು ಗ್ರಾಂ ಸಣ್ಣದಲ್ಲ. ಕೆಳಗೆ ಯಾರೂ ನಿಲ್ಲದಂತೆ ಜಾಗ ಖಾಲಿ ಮಾಡಿಸಿ, ತುಂಡಾಗುವ ಭಾಗವನ್ನು ಡೈಯಿಂದ ದೂರದಲ್ಲಿ ಹಿಡಿದುಕೊಂಡೇ ಕತ್ತರಿಸಿ. ಮೆಷಿನ್ ಹಿಡಿದ ಕೈ, ರಾಡ್ ಹಿಡಿದ ಕೈ, ಎರಡೂ ಮುಗಿಯಿತು. ಏಣಿ ಹಿಡಿಯಲು ಮೂರನೇ ಕೈ ಇಲ್ಲ. ಅದಕ್ಕೇ ಇಂಥ ಕಡೆ ಏಣಿಗಿಂತ ಕಟಕಟೆ ಇರುವ ಅಟ್ಟಣಿಗೆ ವಾಸಿ. ಭಾರ ಹೊತ್ತ ರಾಡನ್ನು ಮುಟ್ಟಲೇಬಾರದು. ಪೈಪಿಗೆ ಬೇರೆ ಆಧಾರ ಕೊಟ್ಟು, ನಟ್ ಸಡಿಲಿಸಿ, ರಾಡು ಕೈಯಲ್ಲಿ ಸಲೀಸಾಗಿ ಅಲುಗುತ್ತದೆ ಅಂತ ನೋಡಿದ ಮೇಲಷ್ಟೇ ಕಟರ್. ಛಾವಣಿ ಹತ್ತಿರ ಕರೆಂಟಿನ ವೈರ್ ಇದ್ದರೆ ಮೊದಲು ಲೈನ್ ಆಫ್ ಮಾಡಿಸಿ. ಹಿಡಿಗೆ ರಬ್ಬರ್ ಇದೆ ಅಂದ ಮಾತ್ರಕ್ಕೆ ಶಾಕ್ ತಡೆಯುತ್ತದೆ ಅಂತಲ್ಲ.

ಮಧ್ಯದಲ್ಲಿ ಮೆಷಿನ್ ನಿಂತರೆ ಮತ್ತೆ ಮತ್ತೆ ಟ್ರಿಗರ್ ಒತ್ತಬೇಡಿ. ಡೈಯನ್ನು ವಾಪಸ್ ತರುವ ಸ್ವಿಚ್ ಇದ್ದರೆ ಅದನ್ನು ಬಳಸಿ. ಆಗಲೂ ಬಾರದಿದ್ದರೆ ಬ್ಯಾಟರಿ ಕಳಚಿ, ಆಮೇಲೆ ರಾಡ್ ಬಿಡಿಸುವ ಯೋಚನೆ. ಬ್ಯಾಟರಿ ಇರುವಾಗಲೇ ಸ್ಕ್ರೂಡ್ರೈವರ್ ತೂರಿಸಿ ಮೀಟಲು ಹೋದ ಜೊತೆಗಾರನೊಬ್ಬನನ್ನು ನೋಡಿದ್ದೇನೆ. ಅವನಿಗೇನೂ ಆಗಲಿಲ್ಲ, ಪಕ್ಕದಲ್ಲಿದ್ದ ನನಗೆ ಬೆವರಿತು.

ಕಳಚಿದ ಬ್ಯಾಟರಿಯನ್ನು ನಟ್ಟು ಬೋಲ್ಟಿನ ಚೀಲಕ್ಕೆ ಎಸೆಯಬೇಡಿ. ಟರ್ಮಿನಲ್‌ಗಳ ಮೇಲೆ ರಾಡಿನ ಒಂದು ತುಂಡು ಅಡ್ಡ ಬಿದ್ದರೂ ಶಾರ್ಟ್ ಆಗಿ ಬೆಂಕಿ ಹತ್ತಬಹುದು.

ಕತ್ತರಿಸಿದ ತುದಿಯಲ್ಲಿ ಸತುವಿನ ಲೇಪ ಇರುವುದಿಲ್ಲ. ತೇವದ ಜಾಗವಾದರೆ ಸತು ಬೆರೆತ ಬಣ್ಣ ಒಂದು ಸಲ ಹಚ್ಚಿ, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರು. ಬಿದ್ದ ತುಂಡುಗಳನ್ನು ಆಗಾಗ ಆಯ್ದು ಡಬ್ಬಿಗೆ ಹಾಕಿ. ದುಂಡನೆಯ ತುಂಡಿನ ಮೇಲೆ ಬೂಟು ಇಟ್ಟರೆ ಜಾರುವುದು ಖಂಡಿತ, ಅದೂ ಏಣಿಯಿಂದ ಕೆಳಗಿಳಿಯುವಾಗ ಸರಿಯಾಗಿ ಕಾಲಡಿಗೇ ಸಿಗುತ್ತದೆ.