ಸೀಟಿನ ಕೆಳಗೆ ಬೇಸ್: ಮೊದಲು ಜಾಗ ಅಳೆಯಿರಿ, ವೂಫರ್ ಆಮೇಲೆ ತನ್ನಿ

ಗಾಡಿಗೆ ಸ್ಪೀಕರ್ ಹಾಕುವ ನಮ್ಮ ಅಂಗಡಿಗೆ ಬರುವ ಹುಡುಗರಲ್ಲಿ ಜಾಸ್ತಿ ಜನ ವೂಫರ್, ಅಂದರೆ ತಗ್ಗಿನ ಸ್ವರ (ಬೇಸ್) ಕೊಡುವ ದೊಡ್ಡ ಸ್ಪೀಕರ್, ಕೈಯಲ್ಲಿ ಹಿಡಿದುಕೊಂಡೇ ಬರುತ್ತಾರೆ. ಆನ್‌ಲೈನ್‌ನಲ್ಲಿ ಆಫರ್ ಇತ್ತು, ತರಿಸಿಬಿಟ್ಟಿದ್ದಾರೆ. "ಅಣ್ಣಾ, ಇದನ್ನ ಹಿಂದಿನ ಸೀಟ್ ಕೆಳಗೆ ಕೂರಿಸಿಕೊಡಿ" ಅಂತಾರೆ. ನೋಡಿದರೆ ಹನ್ನೆರಡು ಇಂಚಿನ ವೂಫರ್, ಅದರ ಆಳವೇ ಆರು ಇಂಚು. ಸೀಟಿನ ಕೆಳಗೆ ಇರುವ ಎತ್ತರ ಐದೂವರೆ ಇಂಚು. ದುಡ್ಡು ಆಗಲೇ ಖರ್ಚಾಗಿರುತ್ತದೆ. ಸೀಟಿನ ಕೆಳಗಿನ ಕೆಲಸದಲ್ಲಿ ಯಾವ ವೂಫರ್ ಅಂತ ತೀರ್ಮಾನ ಮಾಡುವುದು ಜಾಗ. ಅದನ್ನು ಅಳೆಯದೆ ಏನನ್ನೂ ಕೊಳ್ಳಬೇಡಿ.

ಚಿಕ್ಕಮಗಳೂರು ಕಡೆ ಈ ಕೆಲಸ ಕೇಳುವವರು ಬಹಳ. ತೋಟದವರ ಗಾಡಿಯಲ್ಲಿ ಡಿಕ್ಕಿ ಖಾಲಿ ಇರಲೇಬೇಕು. ಗೊಬ್ಬರದ ಚೀಲ, ಸ್ಪ್ರೇಯರ್, ಕೊಯ್ಲಿನ ಕಾಲಕ್ಕೆ ಕಾಫಿ ಮೂಟೆ, ಎಲ್ಲಾ ಅಲ್ಲೇ ಹೋಗುವುದು. ಬೊಲೆರೊ ಕ್ಯಾಂಪರ್, ವಿ-ಕ್ರಾಸ್, ಹೈಲಕ್ಸ್ ತರಹದ ಡಬಲ್ ಕ್ಯಾಬ್ ಪಿಕಪ್‌ಗಳಿಗಂತೂ ಮುಚ್ಚಿದ ಡಿಕ್ಕಿಯೇ ಇಲ್ಲ. ಉಳಿದಿರುವುದು ಹಿಂದಿನ ಸೀಟಿನ ಕೆಳಗಿನ ಜಾಗ ಒಂದೇ.

ಅಲ್ಲಿಂದ ಬಂದ ಸದ್ದು ಸರಿಯಾಗಿ ಕೇಳುತ್ತದಾ? ಕೇಳುತ್ತದೆ. 40 ಹರ್ಟ್ಜ್‌ನ ಸದ್ದಿನ ಒಂದು ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ. ಅಷ್ಟು ಉದ್ದದ ಅಲೆ ಎಲ್ಲಿಂದ ಬಂತು ಅಂತ ಕಿವಿಗೆ ಗೊತ್ತಾಗುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ಗಾಡಿಯ ಒಳಗಿನ ಜಾಗ ಚಿಕ್ಕದು, ಮುಚ್ಚಿದ್ದು. ಅಲೆ ಆ ಜಾಗಕ್ಕಿಂತ ತುಂಬಾ ಉದ್ದವಾದಾಗ ಒಳಗಿನ ಗಾಳಿಯೆಲ್ಲ ಒಟ್ಟಿಗೇ ಒತ್ತಿ ಸಡಿಲವಾಗುತ್ತದೆ, ಹಾಗಾಗಿ ತಗ್ಗಿನ ಸ್ವರಗಳು ತಾವಾಗಿಯೇ ಏರುತ್ತವೆ. ವೂಫರ್ ಅನ್ನು ಒಂದು ಬಾಕ್ಸ್‌ಗೆ ಕೂರಿಸುತ್ತೇವೆ; ಪೂರ್ತಿ ಮುಚ್ಚಿದ ಬಾಕ್ಸ್‌ನಲ್ಲಿ ಅದೇ ತಗ್ಗಿನ ಸ್ವರಗಳು ಇಳಿಯುತ್ತಾ ಹೋಗುತ್ತವೆ. ಒಂದು ಇಳಿಸಿದ್ದನ್ನು ಇನ್ನೊಂದು ಏರಿಸುತ್ತದೆ. ಅದಕ್ಕೇ ಸೀಟಿನ ಕೆಳಗೆ ನಾನು ಮುಚ್ಚಿದ ಬಾಕ್ಸ್ ಬಿಟ್ಟು ಬೇರೆ ಮಾಡುವುದಿಲ್ಲ. ಪೋರ್ಟ್ (ಗಾಳಿ ಹೋಗಿಬರುವ ಕಿಂಡಿ) ಇರುವ ಬಾಕ್ಸ್ ಜೋರಾಗಿ ಕೇಳುತ್ತದೆ ನಿಜ, ಆದರೆ ಅದು ಬೇಡುವಷ್ಟು ಲೀಟರ್ ಒಳಜಾಗ ಅಲ್ಲಿ ಸಿಗುವುದಿಲ್ಲ.

ಈಗ ಅಳತೆ. ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಏನೇನಿದೆ ನೋಡಿ. ಎಷ್ಟೋ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದೇ ಹಿಂದಿನ ಸೀಟಿನ ಅಡಿಯಲ್ಲಿ. ಫ್ಯೂಯೆಲ್ ಪಂಪ್‌ನ ಮುಚ್ಚಳವೂ ಅಲ್ಲೇ. ಗಾಡಿಯ ಅಡಿಗೆ ಹೋಗಿ ಕಣ್ಣಾರೆ ನೋಡದೆ ಅಲ್ಲಿ ಒಂದು ತೂತೂ ಹಾಕಬೇಡಿ. ಮುಂದಿನ ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಅಥವಾ ಸೀಟ್ ಬೆಲ್ಟ್ ಬಿಗಿಯುವ ವ್ಯವಸ್ಥೆಗೆ ಸೇರಿದ್ದು. ಅದನ್ನು ಎಳೆಯಬಾರದು, ಅದರ ವೈರ್ ಮೇಲೆ ಬಾಕ್ಸ್ ಕೂರಿಸಲೂಬಾರದು. ಹಿಂದಿನವರ ಕಾಲಿಗೆ ಗಾಳಿ ಬಿಡುವ ಎಸಿ ಕೊಳವೆ ಅಲ್ಲಿದ್ದರೆ ಅದನ್ನೂ ಮುಚ್ಚಬೇಡಿ.

ಖಾಲಿ ಸೀಟಿನ ಎತ್ತರ ನಂಬಬೇಡಿ. ಜನ ಕೂತಾಗ ಸೀಟು ಕುಸಿಯುತ್ತದೆ. ನಾನು ಮಾಡುವುದು ಹೀಗೆ: ಚಪಾತಿ ಹಿಟ್ಟಿನ ಉಂಡೆಗಳನ್ನು ಸೀಟಿನ ಕೆಳಗೆ ನಾಲ್ಕೈದು ಕಡೆ ಎತ್ತರವಾಗಿ ನಿಲ್ಲಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಸೀಟು ಮತ್ತೆ ಹಾಕುತ್ತೇನೆ. ಮೈಕಟ್ಟಿನ ಮೂವರನ್ನು ಕೂರಿಸಿ ಒಂದೆರಡು ಹಂಪ್ ಹತ್ತಿಸಿ ಇಳಿಸುತ್ತೇನೆ. ಸೀಟು ಬಿಚ್ಚಿದಾಗ ಉಂಡೆ ಎಷ್ಟು ಎತ್ತರಕ್ಕೆ ಚಪ್ಪಟೆಯಾಗಿದೆಯೋ ಅದೇ ನಿಜವಾದ ಜಾಗ. ಅದರಲ್ಲೂ ಒಂದು ಸೆಂಟಿಮೀಟರ್ ಬಿಟ್ಟುಕೊಳ್ಳುತ್ತೇನೆ. ಆಮೇಲೆ ರಟ್ಟಿನಲ್ಲಿ ಮಾದರಿ ಮಾಡಿ ಒಳಗೆ ತೂರಿಸಿ ನೋಡಿ. ರಟ್ಟಿನ ಬಾಕ್ಸ್ ಒಳಗೆ ಹೋಗದಿದ್ದರೆ ಮರದ್ದೂ ಹೋಗುವುದಿಲ್ಲ.

ಹಲಗೆಯ ದಪ್ಪ ಇಲ್ಲಿ ಬಹಳ ಮುಖ್ಯ. ಹೊರ ಅಳತೆ 62.4, 30.4, 13.4 ಸೆಂಟಿಮೀಟರ್ ಇರುವ ಬಾಕ್ಸ್ ತೆಗೆದುಕೊಳ್ಳಿ. 12 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಮಾಡಿದರೆ ಒಳಗೆ ಹದಿನೆಂಟೂವರೆ ಲೀಟರ್ ಸಿಗುತ್ತದೆ. ಅದನ್ನೇ 18 ಮಿಲಿಮೀಟರ್‌ನಲ್ಲಿ ಮಾಡಿದರೆ ಸಿಗುವುದು ಹದಿನೈದೂವರೆ ಲೀಟರ್ ಅಷ್ಟೇ. ಮೂರು ಲೀಟರ್ ಹಲಗೆಗೇ ಹೋಯಿತು! ಆಳ ಕಡಿಮೆ ಇರುವ ಎಂಟು, ಹತ್ತು ಇಂಚಿನ ವೂಫರ್‌ಗಳಲ್ಲಿ ಎಷ್ಟೋ ಮಾದರಿ 8ರಿಂದ 14 ಲೀಟರ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ತಯಾರಕರು ಕೊಟ್ಟ ಚೀಟಿಯಲ್ಲಿ ಅದರ ಲೆಕ್ಕ ಇರುತ್ತದೆ. ವೂಫರ್‌ನ ಹಿಂಭಾಗ ಬಾಕ್ಸ್‌ನೊಳಗೆ ತಿನ್ನುವ ಜಾಗವನ್ನೂ ಕಳೆಯಬೇಕು. ಹೇಳಿದ್ದಕ್ಕಿಂತ ತೀರಾ ಚಿಕ್ಕ ಬಾಕ್ಸ್ ಮಾಡಿದರೆ ಒಂದೇ ಸ್ವರ ಗುಂಯ್ ಗುಂಯ್ ಅನ್ನುತ್ತದೆ, ಕೆಳಗಿನದು ಬರುವುದೇ ಇಲ್ಲ. ಹಾಗಾಗಿ 12 ಮಿಲಿಮೀಟರ್ ಹಲಗೆ ಬಳಸಿ, ನಡುವೆ ಒಂದೆರಡು ಅಡ್ಡಪಟ್ಟಿ ಕೊಟ್ಟು ಬಿಗಿ ಮಾಡಿ. ವೂಫರ್ ಕೂರುವ ಹಲಗೆ ಮಾತ್ರ ದಪ್ಪ ಇರಲಿ.

ನೆಲ ಅಂಕುಡೊಂಕಾಗಿದ್ದರೆ ಬಾಕ್ಸ್‌ನ ತಳವನ್ನು ಫೈಬರ್‌ನಲ್ಲಿ ಅಚ್ಚು ತೆಗೆಯುತ್ತೇವೆ. ಅದರ ಲೀಟರ್ ಸ್ಕೇಲಿಗೆ ಸಿಗುವುದಿಲ್ಲ. ಅದಕ್ಕೆ ಮಂಡಕ್ಕಿ ಒಳ್ಳೆಯದು. ಬಾಕ್ಸ್ ತುಂಬಾ ಸುರಿದು, ಮತ್ತೆ ಲೀಟರ್ ಪಾತ್ರೆಯಲ್ಲಿ ಅಳೆದು ತೆಗೆಯಿರಿ. ಲೆಕ್ಕ ಸಿಕ್ಕಿತು.

ನಮ್ಮ ಮಲೆನಾಡಿನಲ್ಲಿ ಬಾಕ್ಸ್ ಕೆಡುವುದು ನೀರಿನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಓಡಾಡುವ ಗಾಡಿಯ ಕಾರ್ಪೆಟ್ ಒಣಗುವುದೇ ಇಲ್ಲ. ಕೆಸರು ಕಾಲಲ್ಲಿ ಹತ್ತುತ್ತೇವೆ, ಕೊಡೆ ತಂದು ಸೀಟಿನ ಕೆಳಗೇ ಇಡುತ್ತೇವೆ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆ ಸದ್ದಿಗೆ ಒಳ್ಳೆಯದೇ, ಆದರೆ ನೀರು ಕುಡಿದರೆ ಅಂಚು ಊದಿಕೊಂಡು ಪುಡಿಯಾಗುತ್ತದೆ. ಮೇಲೆ ಬಟ್ಟೆ ಅಂಟಿಸಿರುವುದರಿಂದ ಒಳಗೆ ಆಗುತ್ತಿರುವುದು ಕಾಣುವುದೂ ಇಲ್ಲ. ಇಲ್ಲಿ ಐಎಸ್ 710 ಗುರುತಿನ ಮರೈನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್, ಹಾಕಿ. ಬೆಲೆ ಜಾಸ್ತಿ, ಆದರೂ ಈ ಒಂದು ವಿಷಯದಲ್ಲಿ ಚೌಕಾಸಿ ಬೇಡ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕತ್ತರಿಸಿದ ಅಂಚುಗಳಿಗೆ ವಾರ್ನಿಷ್ ಹೊಡೆದು, ಬಾಕ್ಸ್ ಕೆಳಗೆ ಅರ್ಧ ಇಂಚಿನ ರಬ್ಬರ್ ಕಾಲು ಕೊಡಿ. ನೀರು ನಿಂತರೂ ಹಲಗೆಗೆ ತಾಗಬಾರದು.

ಕೀಲುಗಳಿಗೆ ಒಳಗಿನಿಂದ ಸೀಲೆಂಟ್ ತುಂಬಿ. ಹುಳಿ ವಾಸನೆಯ ಸಿಲಿಕಾನ್ ಆದರೆ ಆ ವಾಸನೆ ಪೂರ್ತಿ ಹೋಗುವವರೆಗೆ ವೂಫರ್ ಕೂರಿಸಬೇಡಿ. ಆ ಆವಿ ಲೋಹವನ್ನು ತಿನ್ನುತ್ತದೆ. ಎಲ್ಲಾ ಬಿಗಿದ ಮೇಲೆ ವೂಫರ್‌ನ ಕೋನ್ (ಮುಂದೆ ಹಿಂದೆ ಓಡಾಡುವ ಮುಖ) ಅನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಬಿಡಿ. ನಿಧಾನವಾಗಿ ಹಿಂದಕ್ಕೆ ಬಂದರೆ ಗಾಳಿ ಸೋರುತ್ತಿಲ್ಲ ಅಂತ ಅರ್ಥ. ಫಟ್ ಅಂತ ಬಂದರೆ ಎಲ್ಲೋ ಸಂದು ಉಳಿದಿದೆ.

ವೂಫರ್ ಮುಖ ಕೆಳಗೆ ಇರಲಾ, ಮೇಲೆ ಇರಲಾ? ಎರಡೂ ಆಗುತ್ತದೆ. ಆದರೆ ಕೋನ್ ಓಡಾಡಲು, ಗಾಳಿ ಹೊರಬರಲು ಸಂದು ಬೇಕು. ಎಂಟು ಇಂಚಿನದಕ್ಕೆ ಕಡಿಮೆ ಅಂದರೂ ಒಂದು ಇಂಚು, ಹತ್ತರದಕ್ಕೆ ಒಂದೂವರೆ ಇಂಚು ಬಿಡುತ್ತೇನೆ. ಕೆಳಮುಖ ಮಾಡಿದರೆ ಕಾಲು ತಾಗುವುದಿಲ್ಲ, ಆದರೆ ಕೆಸರು ನೀರಿಗೆ ಹತ್ತಿರ. ಹಾಗಾಗಿ ತೋಟದ ಗಾಡಿಗೆ ಮೇಲ್ಮುಖ ಮಾಡಿ, ಗಟ್ಟಿ ಗ್ರಿಲ್ ಹಾಕುವುದೇ ನನಗೆ ಸರಿ ಅನ್ನಿಸುತ್ತದೆ.

ಬಾಕ್ಸ್ ಸುಮ್ನೆ ತೂರಿಸಿ ಬಿಡಬೇಡಿ. ವೂಫರ್ ಸೇರಿ ಹತ್ತು ಕಿಲೋ ಆಗಬಹುದು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಅದು ಮುಂದೆ ನುಗ್ಗಬಾರದು. ಬ್ರಾಕೆಟ್ ಕೊಟ್ಟು ನಟ್ ಬೋಲ್ಟ್ ಹಾಕಿ, ಕೊರೆದ ತೂತಿಗೆ ತುಕ್ಕು ಹಿಡಿಯದಂತೆ ಪೇಂಟ್ ಮಾಡಿ. ಸೀಟ್ ಬೆಲ್ಟ್‌ನ ಬೋಲ್ಟ್ ಮಾತ್ರ ಮುಟ್ಟಬೇಡಿ. ಅರ್ತ್ ವೈರ್ ಕಟ್ಟಲು ಕೆಲವರು ಅದನ್ನೇ ಸಡಿಲಿಸುತ್ತಾರೆ. ಅದು ಜೀವ ಹಿಡಿಯುವ ಬೋಲ್ಟ್. ಅರ್ತ್‌ಗೆ ಬೇರೆ ಜಾಗದಲ್ಲಿ ಪೇಂಟ್ ಕೆರೆದು, ಬರಿಯ ಲೋಹಕ್ಕೆ ಕೊಡಿ.

ವೈರಿಂಗ್ ಬಗ್ಗೆ ಎರಡೇ ಮಾತು. ವೂಫರ್‌ಗೆ ಶಕ್ತಿ ಕೊಡುವ ಆಂಪ್ (ಆಂಪ್ಲಿಫೈಯರ್) 300 ವ್ಯಾಟ್‌ನದಾಗಿದ್ದು ಪೂರ್ತಿ ದುಡಿದರೆ ಸುಮಾರು 27 ಆಂಪಿಯರ್ ಎಳೆಯುತ್ತದೆ. 8 ಗೇಜ್ (ವೈರ್ ದಪ್ಪದ ಅಳತೆ) ಇರುವ ಅಪ್ಪಟ ತಾಮ್ರದ ವೈರ್ ಹಾಕಿ, ಮೇಲೆ ಮಾತ್ರ ತಾಮ್ರ ಬಳಿದ ಅಲ್ಯೂಮಿನಿಯಂ ಬೇಡ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು, ಇಲ್ಲದಿದ್ದರೆ ವೈರ್ ಎಲ್ಲಾದರೂ ಗಾಡಿಯ ಲೋಹಕ್ಕೆ ತಾಗಿದ ದಿನ ಬೆಂಕಿ.

ಕೊನೆಗೆ ಆಂಪ್‌ನ ಲೋ ಪಾಸ್ (ತಗ್ಗಿನ ಸ್ವರಗಳನ್ನು ಮಾತ್ರ ವೂಫರ್‌ಗೆ ಬಿಡುವ ಸೆಟ್ಟಿಂಗ್) ಅನ್ನು 80 ಹರ್ಟ್ಜ್ ಹತ್ತಿರ ಇಟ್ಟು ಶುರು ಮಾಡಿ. ಸದ್ದು ಸೀಟಿನ ಕೆಳಗಿಂದಲೇ ಬರುತ್ತಿದೆ ಅನ್ನಿಸಿದರೆ ಇನ್ನಷ್ಟು ಇಳಿಸಿ. ಒಬ್ಬರನ್ನು ಹಿಂದೆ ಕೂರಿಸಿ, ಜಾಕ್, ಪಾನಾ, ಬೆಲ್ಟ್‌ನ ಕೊಂಡಿ ಯಾವುದು ಗಲಗಲ ಅನ್ನುತ್ತಿದೆ ಅಂತ ಹುಡುಕಿಸಿ, ಒಂದೊಂದಕ್ಕೂ ಫೆಲ್ಟ್ ಪಟ್ಟಿ ಅಂಟಿಸಿ. ಒಂದು ತಿಂಗಳು ಓಡಿದ ಮೇಲೆ ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿಸಿ, ಮಳೆಗಾಲ ಕಳೆದ ಮೇಲೆ ಬಾಕ್ಸ್ ತೆಗೆದು ಕಾರ್ಪೆಟ್ ಒಣಗಿಸಿ.